ಐದು ವರ್ಷದ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಲಸಿಕೆ) ಬಿಟ್ಟುಹೋಗಿದೆ, ಈಗ ಹಾಕಿಸಬಹುದಾ?

ಹಾಸನದಿಂದ_ಅಮ್ಮ:
ಮಗನಿಗೆ 6 ವರ್ಷ 4 ತಿಂಗಳು, ತೂಕ 18 ಕೆಜಿ. ಒಂದನೇ ತರಗತಿ. ಶಾಲೆಯಲ್ಲಿ ಲಸಿಕೆ ದಾಖಲೆಯ ಜೆರಾಕ್ಸ್ ಕೇಳಿದ್ದಾರೆ. ತಾಯಿ ಕಾರ್ಡ್ ತೆಗೆದು ನೋಡಿದರೆ ಒಂದೂವರೆ ವರ್ಷದ ಬೂಸ್ಟರ್‌ವರೆಗೆ ತಾರೀಖಿದೆ, ಐದು ವರ್ಷದ ಡಿಪಿಟಿ ಜಾಗ ಖಾಲಿ. ಮೊದಲಿಂದ ಶುರು ಮಾಡಬೇಕಾ? ಹಿಂದಿನ ಸಲ ಚೆನ್ನಾಗಿ ಜ್ವರ ಬಂದಿತ್ತು, ಅದೂ ಭಯ. ಶಾಲೆಯಲ್ಲಿ ಕೊಡೋ ಮಾತ್ರೆಗಳ ಬಗ್ಗೆಯೂ ಹೇಳಿ.

ಲಸಿಕೆ_ಸಿಸ್ಟರ್:
ಮೊದಲಿಂದ ಶುರು ಮಾಡೋದು ಬೇಡ. ಹಿಂದೆ ಹಾಕಿದ ಡೋಸ್ ಯಾವುದೂ ವ್ಯರ್ಥವಾಗಲ್ಲ, ಬಾಕಿ ಇರೋ ಒಂದನ್ನು ಹಾಕಿಸಿದರೆ ಸಾಕು. ಆದರೆ ತಡ ಮಾಡಬೇಡಿ ಅಮ್ಮ. ಸರ್ಕಾರಿ ವೇಳಾಪಟ್ಟಿಯಲ್ಲಿ ಡಿಪಿಟಿ ಕೊಡೋದು 7 ವರ್ಷ ತುಂಬುವವರೆಗೆ ಮಾತ್ರ. ಆಮೇಲೆ ಟಿಡಿ (ಧನುರ್ವಾಯು, ಗಂಟಲಮಾರಿ ಲಸಿಕೆ) ಸಿಗುತ್ತೆ, ಅದರಲ್ಲಿ ನಾಯಿಕೆಮ್ಮಿನ ಅಂಶ ಇರಲ್ಲ, ಗಂಟಲಮಾರಿಯ ಅಂಶವೂ ಕಡಿಮೆ. ಎಳೆ ವಯಸ್ಸಲ್ಲಿ ಹಾಕಿಸಿದ್ದರ ಶಕ್ತಿ ವರ್ಷ ಕಳೆದಂತೆ ಇಳಿಯುತ್ತೆ, ಅದಕ್ಕೇ ಐದು ದಾಟಿದ ಮಕ್ಕಳಲ್ಲೂ ಗಂಟಲಮಾರಿ ಕಾಣಿಸಿಕೊಳ್ಳೋದು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಹುತೇಕ ಕಡೆ ಗುರುವಾರ ಲಸಿಕೆ ದಿನ, ದುಡ್ಡಿಲ್ಲ. 0.5 ಮಿ.ಲೀ., ತೋಳಿಗೆ. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿಕೊಳ್ಳಿ. ತಾರೀಖನ್ನು ಕಾರ್ಡಿನಲ್ಲೂ ಕೇಂದ್ರದ ದಾಖಲೆಯಲ್ಲೂ ಬರೆಸಿಯೇ ಹೊರಡಿ. ಕಾರ್ಡ್ ಕಳೆದರೆ ಆ ದಾಖಲೆಯೇ ಆಧಾರ.

ಶಾಲೆಗೆ ಕೊಡೋದು ಜೆರಾಕ್ಸ್ ಮಾತ್ರ. ಮೂಲ ಕಾರ್ಡ್ ಇನ್ನೂ ಬೇಕು: 10ಕ್ಕೆ ಒಂದು ಟಿಡಿ, 16ಕ್ಕೆ ಇನ್ನೊಂದು. ಎರಡು ವರ್ಷಕ್ಕೆ ಲಸಿಕೆ ಮುಗೀತು ಅಂತ ಕಾರ್ಡ್ ಎಲ್ಲೋ ಇಟ್ಟು ಮರೆಯುತ್ತಾರೆ, ಬಿಟ್ಟುಹೋಗೋದು ಅಲ್ಲೇ.

ಮಕ್ಕಳ_ಡಾಕ್ಟರ್:
ಸಿಸ್ಟರ್ ಹೇಳಿದ್ದು ಸರಿ. ಬರೀ ಜ್ವರ, ಚುಚ್ಚಿದ ಕಡೆ ಊತ ಬಂದಿದ್ದರೆ ಲಸಿಕೆ ನಿಲ್ಲಿಸುವ ಕಾರಣವಲ್ಲ. ಫಿಟ್ಸ್ ಬಂದಿದ್ದರೆ, ಮಗು ಪ್ರಜ್ಞೆ ತಪ್ಪಿದ್ದರೆ ಮಾತ್ರ ಚುಚ್ಚುವ ಮೊದಲೇ ವೈದ್ಯರಿಗೆ ಹೇಳಿ.

ಜ್ವರಕ್ಕೆ ಪ್ಯಾರಾಸಿಟಮಾಲ್, ಪ್ರತಿ ಕೆಜಿಗೆ 10ರಿಂದ 15 ಮಿ.ಗ್ರಾಂ. ಎಡವಟ್ಟಾಗೋದು ಬಾಟಲಿಯಲ್ಲಿ. 5 ಮಿ.ಲೀ.ಗೆ 120 ಮಿ.ಗ್ರಾಂ ಇರೋ ಸಿರಪ್ ಒಂದು, 250 ಇರೋದು ಇನ್ನೊಂದು. ನಿಮ್ಮ ಹುಡುಗನ 18 ಕೆಜಿಗೆ 250ರದ್ದಾದರೆ 5 ಮಿ.ಲೀ., 120ರದ್ದಾದರೆ 10 ಮಿ.ಲೀ. ಎರಡು ಡೋಸಿನ ನಡುವೆ 6 ಗಂಟೆ ಇರಲಿ, ದಿನಕ್ಕೆ ನಾಲ್ಕು ಸಲ ಮೀರಬಾರದು. ಅಡುಗೆಮನೆ ಚಮಚದಲ್ಲಿ ಅಳೆಯಬೇಡಿ, ಬಾಟಲಿ ಜೊತೆ ಬರೋ ಮುಚ್ಚಳವೋ ಸಿರಿಂಜೋ ಬಳಸಿ. ಚುಚ್ಚಿದ ಜಾಗ ತಿಕ್ಕಬೇಡಿ, ತಣ್ಣೀರ ಬಟ್ಟೆ ಇಡಿ.

ಖಾಸಗಿಯಲ್ಲಿ ಈ ವಯಸ್ಸಿಗೆ ಎಂಎಂಆರ್ ಕೂಡ ಹೇಳುತ್ತಾರೆ. ಸರ್ಕಾರಿ ಎಂಆರ್‌ನಲ್ಲಿ ದಡಾರ, ರುಬೆಲ್ಲಾ ಮಾತ್ರ. ಮಂಗನಬಾವಿನ ರಕ್ಷಣೆ ಬೇಕಿದ್ದರೆ ದುಡ್ಡು ಕೊಟ್ಟು ಹಾಕಿಸಬೇಕು. ಅನುಕೂಲವಿದ್ದರೆ ಹಾಕಿಸಿ ಅಂತಲೇ ನನ್ನ ಸಲಹೆ.

ಬಿಸಿಯೂಟ_ಮೇಷ್ಟ್ರು:
ಮಾತ್ರೆ ವಿಷಯ. ಜಂತುಹುಳದ್ದು ಆಲ್ಬೆಂಡಜೋಲ್ 400 ಮಿ.ಗ್ರಾಂ. ಚೀಪಿಯೋ ಅಗಿದೋ ನುಂಗಬೇಕು, ಇಡಿಯಾಗಿ ನುಂಗಲು ಹೋದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಅವತ್ತು ಜ್ವರ ಇದ್ದರೆ ಬೇಡ, ಬಿಟ್ಟುಹೋದವರಿಗೆ ಆಮೇಲೆ ಇನ್ನೊಂದು ದಿನ ಕೊಡುತ್ತಾರೆ.

ಕಬ್ಬಿಣಾಂಶದ ಮಾತ್ರೆ ವಾರಕ್ಕೊಂದು. 5ರಿಂದ 9 ವರ್ಷಕ್ಕೆ ಗುಲಾಬಿ ಬಣ್ಣದ್ದು, 10ರಿಂದ ನೀಲಿ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಕರಿಕೆ, ಅದಕ್ಕೇ ಊಟದ ಮೇಲೆ. ಕೂಡಲೇ ಹಾಲು, ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತಲ್ಲ. ಮಲ ಕಪ್ಪಾಗಿ ಬಂದರೆ ಗಾಬರಿಯಾಗಿ ಮಾತ್ರೆ ನಿಲ್ಲಿಸಬೇಡಿ, ಅದು ಮಾಮೂಲು. ತಲಸ್ಸೇಮಿಯಾ (ಹುಟ್ಟಿನಿಂದ ಬರೋ ರಕ್ತದ ಕಾಯಿಲೆ) ಇರೋ ಮಗುವಾದರೆ ಮಾತ್ರ ಶಾಲೆಗೆ ಮೊದಲೇ ಬರೆದುಕೊಡಿ.

ಹಾಸನದಿಂದ_ಅಮ್ಮ:
ಧನ್ಯವಾದ. ನಮ್ಮನೆಯಲ್ಲಿರೋದು 120ರ ಸಿರಪ್. ಈ ಗುರುವಾರವೇ ಕರೆದುಕೊಂಡು ಹೋಗ್ತೀನಿ. ಈಗ ಸ್ವಲ್ಪ ನೆಗಡಿ ಇದೆ, ಪರವಾಗಿಲ್ವಾ?

ಲಸಿಕೆ_ಸಿಸ್ಟರ್:
ಸಣ್ಣ ನೆಗಡಿ, ಕೆಮ್ಮಿಗೆ ಮುಂದೂಡಬೇಡಿ. ಜೋರು ಜ್ವರ ಇದ್ದರೆ ಮಾತ್ರ ವಾಸಿಯಾದ ಮೇಲೆ ಬನ್ನಿ.