ಅಡುಗೆಮನೆ ಜಿಡ್ಡಿಗೆ ಅಡುಗೆ ಸೋಡಾ: ಮಾಡಿ ನೋಡಿದವರು ಹೇಳಿದ್ದು

ಕೇಳಿದ್ದು: ಒಲೆ ಹಿಂದಿನ ಟೈಲ್ಸ್, ಚಿಮಣಿ ಜಾಲರಿ, ಕಬೋರ್ಡಿನ ತಲೆ, ಎಲ್ಲಾ ಕಡೆ ಎಣ್ಣೆ ಜಿಡ್ಡು. ಮುಟ್ಟಿದರೆ ಅಂಟಂಟು. ಸೋಪು ಹಾಕಿ ಉಜ್ಜಿದರೂ ಜಗ್ಗುತ್ತಿಲ್ಲ. ಅಡುಗೆ ಸೋಡಾದಿಂದ ಹೋಗುತ್ತಾ?

ಒಬ್ಬರು: ಟೈಲ್ಸ್ ಮೇಲಿನದು ಖಂಡಿತ ಹೋಗುತ್ತದೆ. ಆದರೆ ಪುಡಿ ಉದುರಿಸಿದ ತಕ್ಷಣ ಉಜ್ಜಲು ಕೂತರೆ ಕೈನೋವು ಬರುತ್ತದೆ ಅಷ್ಟೇ. 3 ಚಮಚ ಸೋಡಾಗೆ 1 ಚಮಚ ನೀರು, ಜೊತೆಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಗೋಡೆಯಿಂದ ಇಳಿಯದಷ್ಟು ಗಟ್ಟಿಯಾಗಿರಬೇಕು. ಬಳಿದು 15–20 ನಿಮಿಷ ಸುಮ್ನೆ ಬಿಟ್ಟುಬಿಡಿ. ಆಮೇಲೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಮೊದಲ ಒರೆತಕ್ಕೇ ಬಟ್ಟೆ ಕಂದು ಬಣ್ಣಕ್ಕೆ ತಿರುಗುತ್ತದೆ, ನೋಡಿದರೆ ಖುಷಿಯಾಗುತ್ತದೆ! ಕೊನೆಗೆ ಬರೀ ನೀರಿನ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಲೇಬೇಕು. ಇಲ್ಲದಿದ್ದರೆ ಒಣಗಿದ ಮೇಲೆ ಬಿಳಿ ಬಿಳಿ ಗೆರೆ ಉಳಿಯುತ್ತದೆ.

ಇನ್ನೊಬ್ಬರು: ಕಬೋರ್ಡಿನ ತಲೆಯ ಮೇಲಿನದು ಬೇರೆಯೇ ಜಾತಿ. ಹಳೇ ಎಣ್ಣೆ ಗಾಳಿ, ಶಾಖ ತಾಗಿ ತಾಗಿ ವಾರ್ನಿಶ್ ಥರ ಗಟ್ಟಿಯಾಗಿರುತ್ತದೆ, ಅದರ ಮೇಲೆ ಧೂಳು ಬೇರೆ. ಅಲ್ಲಿಗೆ ನನ್ನ ಓಟು ಅಡುಗೆ ಎಣ್ಣೆಗೆ. ನಗಬೇಡಿ. ಪೇಪರ್ ತುಂಡಿಗೆ ಸ್ವಲ್ಪ ಎಣ್ಣೆ ಹಾಕಿ ನಿಧಾನಕ್ಕೆ ತಿಕ್ಕಿ. ಹೊಸ ಎಣ್ಣೆ ಹಳೇದನ್ನು ಮೆತ್ತಗೆ ಮಾಡುತ್ತದೆ, ಉಂಡೆ ಉಂಡೆಯಾಗಿ ಎದ್ದು ಬರುತ್ತದೆ. ಆಮೇಲೆ ಸೋಪುನೀರು. ಸೋಡಾದಲ್ಲಿ ಸಣ್ಣ ತರಿ ಇರುತ್ತದೆ, ಹೊಳಪಿರುವ ಲ್ಯಾಮಿನೇಟ್ ಮೇಲೆ ಗೀರು ಬೀಳಬಹುದು. ಮೊದಲು ಕಾಣದ ಮೂಲೆಯಲ್ಲಿ ನೋಡಿಕೊಳ್ಳಿ.

ಮೂರನೆಯವರು: ಸೋಡಾಗೆ ವಿನೆಗರ್ ಬೆರೆಸಿ ಅಂತ ಎಲ್ಲರೂ ಹೇಳುತ್ತಾರಲ್ವಾ, ನನಗದು ಒಪ್ಪಿಗೆಯಿಲ್ಲ. ಒಂದು ಕ್ಷಾರ, ಇನ್ನೊಂದು ಆಮ್ಲ. ಬುಸ್ಸೆಂದು ನೊರೆ ಬರುತ್ತದೆ, ಆದರೆ ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ. ಉಳಿಯುವುದು ಹೆಚ್ಚುಕಮ್ಮಿ ಉಪ್ಪುನೀರು. ಜಿಡ್ಡಿಗೆ ಬೇಕಾದದ್ದು ಕ್ಷಾರ. ವಿನೆಗರ್ ನೀರಿನ ಕಲೆಗೆ ಇರಲಿ. ಅಮೃತಶಿಲೆಯ ಕಟ್ಟೆ ಇದ್ದರೆ ಅಲ್ಲಿಗೂ ಬೇಡ, ಕಲ್ಲಿನ ಹೊಳಪು ಹೋಗುತ್ತದೆ. ಬ್ಲೀಚ್ ಜೊತೆಗಂತೂ ವಿನೆಗರ್ ಸೇರಿಸಲೇಬೇಡಿ, ವಿಷಗಾಳಿ ಬರುತ್ತದೆ.

ನಾಲ್ಕನೆಯವರು: ಚಿಮಣಿ ಜಾಲರಿ ಬಗ್ಗೆ ಯಾರೂ ಹೇಳಲಿಲ್ಲ. ಅದು ಸ್ಟೀಲಾ, ಅಲ್ಯೂಮಿನಿಯಮ್ಮಾ ಅಂತ ಮೊದಲು ನೋಡಿ. ಸ್ಟೀಲಾದರೆ ಅಗಲವಾದ ಟಬ್ಬಿನಲ್ಲಿ ಚೆನ್ನಾಗಿ ಬಿಸಿಯಿರುವ ನೀರು, ಧಾರಾಳವಾಗಿ ಸೋಡಾ, ಲಿಕ್ವಿಡ್ ಹಾಕಿ ಅರ್ಧ ಗಂಟೆ ನೆನೆಸಿ. ಜಿಡ್ಡು ಜಾಸ್ತಿ ಇದ್ದರೆ ವಾಷಿಂಗ್ ಸೋಡಾ ಇನ್ನೂ ಜೋರು. ಆದರೆ ಗ್ಲೌಸ್ ಹಾಕಿಕೊಳ್ಳಿ, ಚರ್ಮ ಉರಿಯುತ್ತದೆ. ಅಲ್ಯೂಮಿನಿಯಂ ಆದರೆ ಎರಡೂ ಸೋಡಾ ದೂರವಿಡಿ, ಕಪ್ಪಗಾಗುತ್ತದೆ. ಬಿಸಿನೀರು, ಲಿಕ್ವಿಡ್, ಹಳೇ ಟೂತ್‌ಬ್ರಶ್ ಸಾಕು, ಸ್ವಲ್ಪ ತಾಳ್ಮೆ ಬೇಕು. ಪೂರ್ತಿ ಒಣಗಿದ ಮೇಲೆಯೇ ವಾಪಸ್ ಹಾಕಿ.