ಪಂಚಾಯ್ತಿ ಎಲೆಕ್ಷನ್: ದುಡ್ಡು ಹಂಚದೆ ಊರಿನ ವಿಶ್ವಾಸ ಗಳಿಸೋದು ಹೇಗೆ?

ಕಾನುಮನೆ:
ತೀರ್ಥಹಳ್ಳಿ ತಾಲೂಕಿನ ನಮ್ಮ ವಾರ್ಡಿನಿಂದ ಅಕ್ಕ ಗ್ರಾಮ ಪಂಚಾಯ್ತಿಗೆ ನಿಲ್ಲುವವರಿದ್ದಾರೆ. ಐದಾರು ಕೇರಿ, ಗುಡ್ಡಕ್ಕೊಂದು ಮನೆ. ಹಂಚಲು ದುಡ್ಡಿಲ್ಲ, ಹಂಚುವ ಮನಸ್ಸೂ ಇಲ್ಲ. ಪಕ್ಷದ ಚಿಹ್ನೆ ಇರಲ್ಲವಲ್ಲ, ಮುಖ ನೋಡಿಯೇ ವೋಟು. ಚುನಾವಣೆ ಘೋಷಣೆಗೆ ಮೊದಲೇ ಏನು ಮಾಡಬಹುದು?

ತುಂಗಾತೀರ:
ಮೊದಲು ಮತದಾರರ ಪಟ್ಟಿ. ಪ್ರಿಂಟ್ ತೆಗೆಸಿ, ಅದರ ಕ್ರಮಸಂಖ್ಯೆ ಬಿಟ್ಟು, ಕಾಲುದಾರಿಯ ಕ್ರಮದಲ್ಲಿ ಮನೆಗಳನ್ನು ನೋಟ್‌ಬುಕ್ಕಿಗೆ ಇಳಿಸಿ, ಮನೆಗೊಂದು ಪುಟ. 18 ತುಂಬಿದವರ ಹೆಸರು ಹೊಸದಾಗಿ ಸೇರಿಸಲು ಫಾರಂ 6. ಬೇರೆ ಊರಿಂದ ಬಂದ ಸೊಸೆಯಂದಿರ ಹೆಸರು ತವರಿನ ಪಟ್ಟಿಯಲ್ಲಿದ್ದರೆ ಇಲ್ಲಿಗೆ ವರ್ಗಾಯಿಸಲು ಫಾರಂ 8. ಎಡವೋದು ಇಲ್ಲೇ: ಅವರಿಗೂ 6 ತುಂಬಿಸುತ್ತಾರೆ, ಹೆಸರು ಎರಡು ಕಡೆ ಬಂತು ಅಂತ ತಕರಾರು ಏಳುತ್ತದೆ. ಅರ್ಜಿಗಳನ್ನು ಕಟ್ಟು ಕಟ್ಟಿ ನೀವೇ ಒಯ್ಯಬೇಡಿ, ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ತೆಗೆದುಕೊಳ್ಳಲ್ಲ. ಆಯಾ ಮನೆಯವರೇ ಕೊಡಲಿ, ಇಲ್ಲವೇ ಅವರ ಮೊಬೈಲಿನಲ್ಲೇ ಹಾಕಿಸಿ.

ಹೋಗುವ ಹೊತ್ತೂ ಮುಖ್ಯ. ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ತೋಟದಲ್ಲಿರುತ್ತಾರೆ. ಅಡಿಕೆ ಗೊನೆ ಕೊಯ್ಲಿನ ಕಾಲದಲ್ಲಿ ಸಂಜೆ ಅಡಿಕೆ ಸುಲಿಯುವ ಕಡೆ ಹೋದರೆ ನಾಲ್ಕು ಮನೆಯ ಹೆಂಗಸರು ಒಟ್ಟಿಗೆ ಸಿಗುತ್ತಾರೆ. ಅಕ್ಕ ಮೆಟ್ಟುಗತ್ತಿ ಮುಂದೆ ಕೂತು ತಾವೂ ಸುಲಿಯಲಿ. ಭಾಷಣ ಬೇಡ, ಕೇಳಿಸಿಕೊಂಡರೆ ಸಾಕು. ಅವರು ಹೇಳಿದ್ದನ್ನು ಅದೇ ಪುಟಕ್ಕೆ ಬರೆದುಕೊಂಡು, ವಾರದೊಳಗೆ ಉತ್ತರ ಹಿಡಿದು ತಿರುಗಿ ಹೋಗಬೇಕು. ಆಗಲ್ಲ ಅನ್ನುವ ಉತ್ತರವಾದರೂ ಸರಿ. ವೋಟು ಕೇಳಲು ಎಲ್ಲರೂ ಒಂದು ಸಲ ಬಂದೇ ಬರುತ್ತಾರೆ. ಜನ ನೆನಪಿಡೋದು ಎರಡನೇ ಸಲ ಬಂದವರನ್ನು.

ಹೊಸನಗರದವ:
ಜಮೀನಿನ ವಿಷಯದಲ್ಲಿ ಮಾತು ಕೊಡಬೇಡಿ ಮಾರಾಯ್ರೆ. ಬಗರ್‌ಹುಕುಂ (ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿ ಸಕ್ರಮ) ಅರ್ಜಿ ತೀರ್ಮಾನಿಸೋದು ಶಾಸಕರ ಅಧ್ಯಕ್ಷತೆಯ ಸಮಿತಿ, ಪಂಚಾಯ್ತಿ ಸದಸ್ಯರ ಕೈಲಿಲ್ಲ. ‘ಹಕ್ಕುಪತ್ರ ಕೊಡಿಸ್ತೀನಿ’ ಅಂದವರು ಮುಂದಿನ ಚುನಾವಣೆಯಲ್ಲಿ ಅದೇ ಅಂಗಳಕ್ಕೆ ಕಾಲಿಡುವುದು ಕಷ್ಟ. ಅರಣ್ಯ ಹಕ್ಕಿನ ಅರ್ಜಿಯಾದರೆ ಮಾಡುವ ಕೆಲಸ ಬೇಕಾದಷ್ಟಿದೆ. ಬುಡಕಟ್ಟಿನವರಲ್ಲದವರು 75 ವರ್ಷದ ವಾಸ ತೋರಿಸಬೇಕು, ಬರೀ ಒಂದು ದಾಖಲೆ ಸಾಲದು. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆಸಿದರೆ ಅದೂ ಸಾಕ್ಷ್ಯವೇ. ಆ ಹಿರಿಯರು ಇರುವಾಗಲೇ ಬರೆಸಿ, ಗ್ರಾಮಸಭೆಯ ನಡಾವಳಿಯಲ್ಲಿ ಅರ್ಜಿ ದಾಖಲಾಗುವಂತೆ ನೋಡಿ, ಸ್ವೀಕೃತಿ ಪಡೆಯದೆ ಯಾವ ಕಾಗದವನ್ನೂ ಕೊಡಬೇಡಿ.

ಕಾನುಮನೆ:
ಒಂದು ಕೇರಿಯವರು ಹಳ್ಳ ದಾಟಲು ಕಾಲುಸಂಕ (ನಡೆದು ದಾಟುವ ಸಣ್ಣ ಸೇತುವೆ) ಕೇಳುತ್ತಿದ್ದಾರೆ. ಅಕ್ಕನೇ ಖರ್ಚು ಹಾಕಿ ಮಾಡಿಸಿದರೆ ತಪ್ಪಾ?

ಸಂಕದಾಚೆ:
ನೀತಿಸಂಹಿತೆ ಬಂದ ಮೇಲಂತೂ ಮುಟ್ಟಬೇಡಿ. ವೋಟಿಗಾಗಿ ಕೊಟ್ಟದ್ದು ಅಂತಾದರೆ ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಂ ಪ್ರಕಾರ ಲಂಚ, ತೆಗೆದುಕೊಂಡವರಿಗೂ ಅನ್ವಯಿಸುತ್ತದೆ. ಅದಕ್ಕೆ ಮೊದಲಾದರೆ ಕೇರಿಯವರೇ ಶ್ರಮದಾನ ಮಾಡಲಿ: ಒಬ್ಬರ ತೋಟದ ಮರ, ಇನ್ನೊಬ್ಬರ ಹಗ್ಗ, ಅಕ್ಕನದ್ದು ಒಂದು ದಿನದ ಮೈಕೆಲಸ. ಮೇ ಮುಗಿಯುವುದರೊಳಗೆ ಆಗಬೇಕು, ಮಳೆ ಹಿಡಿದರೆ ಹಳ್ಳಕ್ಕೆ ಇಳಿಯಲಾಗಲ್ಲ. ಕೈಹಿಡಿ ಒಂದೇ ಕಡೆ ಇದ್ದರೆ ಸಾಲದು, ಎರಡೂ ಕಡೆ ಕಟ್ಟಿ, ಶಾಲೆ ಮಕ್ಕಳು ದಾಟುವ ಜಾಗ. ಅಡಿಕೆ ಮರ ಬೇಗ ಕುಂಬಾಗುತ್ತದೆ (ಕೊಳೆಯುತ್ತದೆ), ಹಾಗಾಗಿ ಕಾಂಕ್ರೀಟ್ ಸಂಕದ ಬೇಡಿಕೆಯನ್ನು ವಾರ್ಡ್‌ಸಭೆಯಲ್ಲೇ ಬರೆಸಿಡಿ.

ಪ್ರಚಾರದ ಖರ್ಚಿಗೆ ಜನರ ಹತ್ತಿರ ಕೇಳಲು ನಾಚಿಕೆ ಬೇಡ. 1952ರ ವಿಧಾನಸಭೆ ಚುನಾವಣೆಯಲ್ಲಿ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ‘ಒಂದು ವೋಟು, ಒಂದು ನೋಟು’ ಅಂತ ಕೇಳಿಯೇ ಗೆದ್ದದ್ದು. ಹತ್ತು ರೂಪಾಯಿ ಕೊಟ್ಟ ಮನೆ ‘ನಮ್ಮ ಅಭ್ಯರ್ಥಿ’ ಅನ್ನುತ್ತದೆ. ಎಷ್ಟೇ ಚಿಕ್ಕ ಮೊತ್ತವಾದರೂ ರಸೀದಿ ಕೊಡಿ, ಲೆಕ್ಕವನ್ನು ಕೇರಿಯ ವಾಟ್ಸಾಪ್ ಗುಂಪಿಗೆ ಹಾಕಿ.