ಹತ್ತು ದಿನ ಊರಿಗೆ ಹೋಗುತ್ತಿದ್ದೇವೆ, ಮಗಳಿಗೆ ಏನು ತೋರಿಸಲಿ?

ನಾನು ಹುಟ್ಟಿ ಬೆಳೆದದ್ದು ಶಿರಸಿ ಹತ್ತಿರದ ಒಂದು ತೋಟದ ಮನೆಯಲ್ಲಿ. ಈಗ ಬೆಂಗಳೂರು. ಮಗಳಿಗೆ ಒಂಬತ್ತು ವರ್ಷ. ಹೋದ ವರ್ಷ ಅವಳನ್ನು ಊರಿಗೆ ಕರೆದುಕೊಂಡು ಹೋಗಿ, ನಾನು ಸಣ್ಣವಳಿದ್ದಾಗ ಈಜುತ್ತಿದ್ದ ಹೊಳೆಗುಂಡಿ ತೋರಿಸಿದೆ. ಎರಡು ನಿಮಿಷ ನೋಡಿ "ಇಷ್ಟೇನಾ?" ಅಂದಳು. ಕಬ್ಬಿನ ಹಾಲಿನ ತೆಳ್ಳನೆ ಸಿಹಿತಿಂಡಿ ತೊಡದೇವು ಕೊಟ್ಟೆ. ಪ್ಯಾಕೆಟ್ಟಿನದು, ಮೆತ್ತಗಾಗಿತ್ತು. "ಅಮ್ಮಾ, ಪೇಪರ್ ತಿಂದ ಹಾಗಿದೆ" ಅಂದಳು. ಸುಮ್ನೆ ಯಾಕೆ ಸುಳ್ಳು ಹೇಳಲಿ, ನನಗೆ ಅಳುವೇ ಬಂತು.

ಈ ಮೇ ತಿಂಗಳಲ್ಲಿ ಮತ್ತೆ ಹೋಗುತ್ತಿದ್ದೇವೆ. ಐದು ದಿನ ಶಿರಸಿ, ಐದು ದಿನ ಗಂಡನ ಊರು ಅಂಕೋಲಾ. ನಿಮಗೆ ಸಣ್ಣವರಿದ್ದಾಗ ಇಷ್ಟವಾದದ್ದನ್ನು ನಿಮ್ಮ ಮಕ್ಕಳಿಗೆ ದಾಟಿಸಲು ಹೋಗಿದ್ದೀರಾ? ಏನು ನಡೆಯಿತು, ಏನು ನಡೆಯಲಿಲ್ಲ, ಸ್ವಲ್ಪ ಹೇಳಿ.

ಯಲ್ಲಾಪುರ ಕಡೆಯ ತೋಟಿಗರೊಬ್ಬರು:

ತಂಗಿ, ಮೊದಲು ಒಂದು ಲೆಕ್ಕ ಹಾಕು. ನಿನ್ನ ನೆನಪು ಯಾವ ತಿಂಗಳದ್ದು? ತೊಡದೇವು ಆಲೆಮನೆ ಕಾಲದ್ದು. ಬೋರಲು ಹಾಕಿದ ಗಡಿಗೆ, ಕೆಳಗೆ ಬೆಂಕಿ. ಕಬ್ಬಿನ ಹಾಲಲ್ಲಿ ಕಲಸಿದ ಅಕ್ಕಿಹಿಟ್ಟಿಗೆ ಬಟ್ಟೆ ಅದ್ದಿ ಗಡಿಗೆ ಮೇಲೆ ಒಂದು ಸಲ ಎಳೆಯುವುದು. ತೆಳ್ಳಗೆ ಎದ್ದು ಬಂದದ್ದನ್ನು ಬಿಸಿಯಿರುವಾಗಲೇ ಮಡಚುವುದು. ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ, ಸರದಿಗಾಗಿ ಅಣ್ಣನ ಜೊತೆ ಜಗಳಾಡುತ್ತ ತಿಂದದ್ದು ನಿನ್ನ ನೆನಪು. ಅವಳಿಗೆ ಸಿಕ್ಕಿದ್ದು ಪ್ಯಾಕೆಟ್ಟು. ಪೇಪರ್ ಅಂದದ್ದರಲ್ಲಿ ತಪ್ಪೇನಿದೆ?

ಮೇ ತಿಂಗಳಲ್ಲಿ ಆಲೆಮನೆ ಇಲ್ಲ. ಶಿರಸಿಯ ಮಾರಿಜಾತ್ರೆಯೂ ಇಲ್ಲ. ಅದು ಎರಡು ವರ್ಷಕ್ಕೊಮ್ಮೆ, ಅದೂ ಫೆಬ್ರವರಿ-ಮಾರ್ಚ್ ಹೊತ್ತಿಗೆ. ಜಾತ್ರೆ ನಡೆಯುವ ಬಿಡ್ಕಿಬೈಲನ್ನು ಖಾಲಿಯಿದ್ದಾಗ ತೋರಿಸಿ "ಇಲ್ಲೇ ತೊಟ್ಟಿಲು ತಿರುಗುತ್ತಿತ್ತು" ಅಂದರೆ ಅವಳಿಗೆ ಕಾಣುವುದು ಪೇಟೆ ಮತ್ತು ಸ್ಕೂಟರು. ನಾನು ಇದೇ ತಪ್ಪು ಮಾಡಿದವನು, ಅದಕ್ಕೇ ಹೇಳಿದೆ.

ಮೇ ತಿಂಗಳದ್ದು ಅಂದರೆ ಹಲಸಿನ ಹಪ್ಪಳ. ಬೆಳೆದ ಕಾಯಿ ಬಿಡಿಸಿ, ತೊಳೆ ಬೇಯಿಸಿ, ಒರಳಲ್ಲಿ ಕುಟ್ಟಿ, ಉಂಡೆ ಮಾಡಿ ಒತ್ತಿ, ಚಾಪೆ ಮೇಲೆ ಒಣಗಿಸುವುದು. ಇದರಲ್ಲಿ ಮಕ್ಕಳಿಗೆ ಎರಡು ಕೆಲಸ. ಹಿಟ್ಟಿನುಂಡೆಗೆ ಕೊಬ್ಬರಿ ಎಣ್ಣೆ ಸವರಿ ಕದ್ದು ತಿನ್ನುವುದು ಒಂದು. ಕೋಲು ಹಿಡಿದು ಕಾಗೆ ಓಡಿಸುವುದು ಇನ್ನೊಂದು. ಕಾಯುವವರೇ ಅರ್ಧ ಒಣಗಿದ ಹಪ್ಪಳ ತಿಂದು ಖಾಲಿ ಮಾಡುತ್ತಾರೆ, ಅದು ಬೇರೆ ಮಾತು. ನನ್ನ ಮಗನಿಗೆ ಆ ಕೋಲು ಕೊಟ್ಟ ಮೇಲೆ ಮೊಬೈಲ್ ಕೇಳಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಕೇಳಿದ. ಆದರೆ ಒಂದು ಗಂಟೆ ತಡವಾಗಿ ಕೇಳಿದ.

ಇನ್ನೊಂದು ಹಾಳೆಗಾಡಿ. ಅಡಿಕೆ ಹಾಳೆ ಈಗ ತಟ್ಟೆ ಮಾಡುವವರಿಗೆ ಹೋಗುತ್ತದೆ, ಬಿದ್ದ ಕೂಡಲೇ ಆಯ್ದು ಇಟ್ಟಿರುತ್ತಾರೆ. ಮನೆಯವರಿಗೆ ಮೊದಲೇ ಹೇಳಿ ನಾಲ್ಕು ಅಗಲದವು ಸೋಗೆ ಸಮೇತ ತೆಗೆದಿಡಿಸು. ಅವಳು ಹಾಳೆಯಲ್ಲಿ ಕೂರಲಿ, ನೀನು ಸೋಗೆ ಹಿಡಿದು ಎಳೆ. ಆಮೇಲೆ ಜಾಗ ಅದಲುಬದಲು. "ನಾವು ಹೀಗೆ ಆಡುತ್ತಿದ್ದೆವು" ಅಂತ ಭಾಷಣ ಬೇಡ. ಎಳೆ, ಅಷ್ಟೇ.

ಕಾರವಾರದಿಂದ, ಐವತ್ತು ದಾಟಿದವರು:

ನಿಮ್ಮ ಹೊಳೆಗುಂಡಿ ಇನ್ನೂ ಇದೆಯಲ್ಲ, ಪುಣ್ಯ. ನನ್ನ ಬಾಲ್ಯದ ಕಡಲದಂಡೆ ಕಂಪೌಂಡಿನ ಆಚೆ ಇದೆ. ದೊಡ್ಡ ಯೋಜನೆಯೊಂದಕ್ಕೆ ಊರಿಗೆ ಊರೇ ಎದ್ದು ಬಂತು. ನನ್ನ ಮಗನಿಗೆ ಹೆದ್ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ "ಅಲ್ಲೆಲ್ಲೋ" ಅಂತ ಕೈ ತೋರಿಸಬಹುದು, ಅಷ್ಟೇ. ಅವನು ಮೊದಲ ಸಲ ನೋಡಿದ, ಎರಡನೇ ಸಲ ತಲೆ ಎತ್ತಲಿಲ್ಲ.

ಹಾಗಾಗಿ ನಾನು ಬೇರೆ ದಾರಿ ಹಿಡಿದೆ. ಒಂದು ಗಣಪತಿ ಹಬ್ಬಕ್ಕೆ ಅಕ್ಕ ಬಂದಿದ್ದಳು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಹಳೇ ಮನೆಯ ನಕ್ಷೆ ಬರೆಯಲು ಕೂತೆವು. ಬಾಗಿಲು, ತುಳಸಿಕಟ್ಟೆ, ಬಾವಿ, ದೋಣಿ ಎಳೆದಿಡುವ ಜಾಗ. ಬಾವಿ ಹತ್ತಿರ ಬರುವಾಗ ಜಗಳ ಶುರು. ನಾನು ಮನೆ ಎದುರು ಅಂತೇನೆ, ಅವಳು ಹಿತ್ತಲು ಅಂತಾಳೆ. ಅರ್ಧ ಗಂಟೆ ಜಗಳ. ಕೊನೆಗೆ ಚಿಕ್ಕಪ್ಪನಿಗೆ ಫೋನ್ ಮಾಡಿದರೆ ಅವರು ಹೇಳಿದ್ದು: ಬಾವಿ ನಮ್ಮದೇ ಅಲ್ಲವಂತೆ! ಪಕ್ಕದ ಮನೆಯದು. ನಮ್ಮ ಜಾಗದಲ್ಲಿ ಬಾವಿಯೇ ಇರಲಿಲ್ಲ. ಮಗ ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಅವನೇ ಕೇಳಿದ, ದೋಣಿ ಎಲ್ಲಿ ಇಡುತ್ತಿದ್ದಿರಿ, ಮೀನು ಹೇಗೆ ಹಿಡಿಯುತ್ತಿದ್ದಿರಿ ಅಂತ.

ಆಗ ರಂಪಣಿ ಬಲೆಯ ಮೀನುಗಾರಿಕೆ ಹೇಳಿದೆ. ದೋಣಿಯಲ್ಲಿ ಬಲೆ ಒಯ್ದು ಸಮುದ್ರದಲ್ಲಿ ಅರ್ಧಚಂದ್ರದ ಹಾಗೆ ಬಿಡುತ್ತಾರೆ. ಎರಡು ಕಡೆಯ ಹಗ್ಗ ದಂಡೆಯಲ್ಲಿ. ಹತ್ತಾರು ಜನ ಸೇರಿ ಎಳೆಯಬೇಕು. ಮಕ್ಕಳಾದ ನಾವು ಹಗ್ಗದ ಕೊನೆಗೆ ಜೋತು ಬೀಳುತ್ತಿದ್ದೆವು. ಎಳೆದದ್ದು ಏನೂ ಇಲ್ಲ, ತೂಗಿದ್ದೇ ಜಾಸ್ತಿ. ಆದರೂ ಪಾಲು ಸಿಗುತ್ತಿತ್ತು. ಒಂದು ಬೊಗಸೆ ತಾರ್ಲೆ, ಅದೃಷ್ಟ ಇದ್ದರೆ ನಾಲ್ಕು ಬಂಗಡೆ. ಅಂಗಿಯಲ್ಲೇ ಕಟ್ಟಿಕೊಂಡು ಮನೆಗೆ ಓಟ. ಅಂಗಿಗಾಗಿ ಬೈಗುಳ, ಮೀನಿಗಾಗಿ ಮಾಫಿ. ಯಾಂತ್ರಿಕ ದೋಣಿಗಳು ಬಂದ ಮೇಲೆ ರಂಪಣಿ ಕಡಿಮೆಯಾಯಿತು.

ನೀವು ಕಾರವಾರಕ್ಕೆ ಬಂದರೆ ಟಾಗೋರ್ ಕಡಲತೀರದಲ್ಲಿ ಯುದ್ಧನೌಕೆ ಇದೆ, ಮಕ್ಕಳಿಗೆ ಖುಷಿಯಾಗುತ್ತದೆ. ರವೀಂದ್ರನಾಥರು ಹರೆಯದಲ್ಲಿ ಇಲ್ಲಿ ಇದ್ದು ಹೋದವರು. ಅವರ ಅಣ್ಣ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಮಗಳಿಗೆ ಇದು ಬೇಕೋ ಇಲ್ಲವೋ, ನಿಮಗೆ ಬೇಕಾಗಬಹುದು. ನನ್ನ ಸಲಹೆ ಮಾತ್ರ ಒಂದೇ: ನಿಮ್ಮ ಅಣ್ಣನೋ ಅಮ್ಮನೋ ಪಕ್ಕದಲ್ಲಿರುವಾಗ ನೆನಪು ಹೇಳಿ. ಜಗಳ ಆಗಲಿ.

ಕುಮಟಾದಿಂದ, ಒಂದೇ ಉಸಿರಿನಲ್ಲಿ:

ತದಡಿಯಿಂದ ಆಚೆ ದಡದ ಅಘನಾಶಿನಿ ಊರಿಗೆ ದೋಣಿ ದಾಟಿ. ಸೇತುವೆ ಮೇಲೆ ಓಡಾಡಿದ ಮಕ್ಕಳಿಗೆ ಬೈಕು, ಮೀನುಬುಟ್ಟಿ, ಜನ ಎಲ್ಲ ಒಂದೇ ದೋಣಿಯಲ್ಲಿ ಅನ್ನುವುದೇ ದೊಡ್ಡ ವಿಷಯ. ಅಮಾವಾಸ್ಯೆ ಅಥವಾ ಹುಣ್ಣಿಮೆ ಹತ್ತಿರ ಬಂದರೆ ಇಳಿತ ಜಾಸ್ತಿ. ಬೆಳಚು (ಚಿಪ್ಪುಮೀನು) ಆಯುವವರು ಸೊಂಟದ ನೀರಲ್ಲಿ ನಿಂತು ಕಾಲಲ್ಲೇ ಹುಡುಕುವುದು ಕಾಣುತ್ತದೆ. ಅವರನ್ನು ಕೇಳದೆ ನೀರಿಗೆ ಇಳಿಯಬೇಡಿ, ಸೆಳೆತ ಇರುತ್ತದೆ.

ಹೊನ್ನಾವರದವರೊಬ್ಬರು:

ಯಕ್ಷಗಾನದ ಆಟ ತೋರಿಸದೆ ವಾಪಸ್ ಹೋಗಬೇಡಿ. ಆದರೆ ಇಡೀ ರಾತ್ರಿ ಕೂರಿಸುವ ಹಟ ಬೇಡ. ನಾವೇ ಎಲ್ಲಿ ಕೂತಿದ್ದೆವು? ಕಂಬಳಿ ಹಾಸಿಕೊಂಡು ಮಲಗುತ್ತಿದ್ದೆವು. ರಾಕ್ಷಸ ವೇಷದ ಪ್ರವೇಶಕ್ಕೆ ಚಂಡೆ ಜೋರಾದಾಗ ಎದ್ದು, ಹೆದರಿ, ಅಜ್ಜನ ಪಂಚೆ ಹಿಡಿದು, ಮತ್ತೆ ಮಲಗುತ್ತಿದ್ದೆವು. ನಾನು ಚಿಟ್ಟಾಣಿಯವರ ಭಸ್ಮಾಸುರ ನೋಡಿದ್ದೇನೆ ಅಂತ ಎಲ್ಲರ ಹತ್ತಿರ ಹೇಳಿಕೊಳ್ಳುತ್ತೇನೆ. ನಿಜವಾಗಿ ನೆನಪಿರುವುದು ಆ ರಾತ್ರಿ ತಿಂದ ಬಿಸಿ ಶೇಂಗಾ ಮತ್ತು ಅರ್ಧ ಕುಣಿತ.

ನನ್ನ ಮಗಳಿಗೆ ಮೊದಲು ಮೊಬೈಲಿನಲ್ಲಿ ತೋರಿಸಿದೆ. ಎದ್ದು ಹೋದಳು. ಆಮೇಲೆ ವೇಷ ಕಟ್ಟುವ ಚೌಕಿಗೆ ಕರೆದುಕೊಂಡು ಹೋದೆ. ಅಲ್ಲಿ ಒಬ್ಬರು ಕನ್ನಡಿ ಹಿಡಿದು ಕೂತು ಮುಖಕ್ಕೆ ಬಣ್ಣ ಹಚ್ಚುತ್ತ, ನಡುವೆ ಚಹಾ ಕುಡಿಯುತ್ತ, ನಿಧಾನಕ್ಕೆ ಬೇರೆ ಯಾರೋ ಆಗುತ್ತಿದ್ದರು. ಅವಳು ಕಣ್ಣು ಮಿಟುಕಿಸಲಿಲ್ಲ. "ಈ ಅಂಕಲ್ ಈಗ ಬರ್ತಾರಾ?" ಅಂತ ರಂಗಸ್ಥಳದ ಎದುರು ಕಾದು ಕೂತಳು. ಈಗ ಕಾಲಮಿತಿ ಆಟಗಳೂ ಇವೆ, ಕೆಲವೇ ಗಂಟೆಯಲ್ಲಿ ಮುಗಿಯುತ್ತವೆ. ಗುಣವಂತೆಯ ಕೆರೆಮನೆ ಮೇಳ 1934ರಿಂದ ನಡೆದು ಬಂದದ್ದು, ಅಲ್ಲಿ ವಿಚಾರಿಸಿ. ಮಳೆ ಹಿಡಿಯುವ ಮೊದಲು ಬರಬೇಕು. ಮೇ ಕೊನೆಗೆ ಬಯಲಾಟ ಕಡಿಮೆ.

ಬೆಂಗಳೂರಿನಲ್ಲಿರುವ ಭಟ್ಕಳದವರು:

ನನಗೆ ಇದೆಲ್ಲ ಒಪ್ಪಿಗೆಯಿಲ್ಲ. ನಿಮ್ಮ ಬಾಲ್ಯ ನಿಮಗೆ, ಅವಳದ್ದು ಅವಳಿಗೆ. ಅವಳಿಗೆ ಅಪಾರ್ಟ್‌ಮೆಂಟಿನ ಲಿಫ್ಟೇ ಇಷ್ಟ ಆದರೆ ಏನು ಮಾಡುತ್ತೀರಿ? ನನ್ನಪ್ಪ ನನಗೆ ಅವರ ಶಾಲೆ ತೋರಿಸಲು ಬಿಸಿಲಲ್ಲಿ ಮೂರು ಕಿಲೋಮೀಟರ್ ನಡೆಸಿದ್ದರು. ನೆನಪಿರುವುದು ಚಪ್ಪಲಿ ಕಚ್ಚಿದ್ದು ಮಾತ್ರ.

(ಯಲ್ಲಾಪುರದವರು ನಡುವೆ: ನೆನಪಂತೂ ಇದೆಯಲ್ಲ ಮಾರಾಯರೆ!)

ಅಂಕೋಲಾದಿಂದ:

ನಮ್ಮೂರಿಗೆ ಮೇ ತಿಂಗಳಲ್ಲಿ ಬರುತ್ತಿದ್ದೀರಿ, ಇಶಾಡು ಮಾವಿನಹಣ್ಣು ಬಿಟ್ಟು ಬೇರೆ ಏನು ಹೇಳಲಿ? ಕರಿ ಇಶಾಡು ಕೇಳಿ ತೆಗೆದುಕೊಳ್ಳಿ. ಸಿಪ್ಪೆ ತೆಳು, ತಿರುಳು ಜಾಸ್ತಿ. ಬಿಳಿ ಇಶಾಡಿನ ಸಿಪ್ಪೆ ದಪ್ಪ. ಅಂಕೋಲಾದ ಕರಿ ಇಶಾಡಿಗೆ 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿದೆ. ನಮಗೇನೂ ಅದರಿಂದ ರುಚಿ ಹೆಚ್ಚಾಗಲಿಲ್ಲ, ಬಿಡಿ.

ನಮ್ಮ ಮನೆಯಲ್ಲಿ ಅಟ್ಟದ ಮೇಲೆ ಹುಲ್ಲು ಹಾಸಿ ಹಣ್ಣಿಗೆ ಇಡುತ್ತಿದ್ದರು. ಚೆನ್ನಾಗಿರುವುದು ಪೇಟೆಗೆ, ನೆಂಟರಿಗೆ. ಕಲೆ ಬಿದ್ದದ್ದು, ಒಂದು ಬದಿ ಕೊಳೆತದ್ದು ಮಕ್ಕಳಿಗೆ. ಕೊಳೆತ ಬದಿ ಕತ್ತರಿಸಿ ಕೊಡುತ್ತಿದ್ದ ಅಜ್ಜಿಯ ಕತ್ತಿಯ ತುದಿಯನ್ನೇ ನೋಡುತ್ತ ಕೂರುತ್ತಿದ್ದೆವು, ಎಷ್ಟು ಉಳಿಯುತ್ತದೆ ಅಂತ. ಸಂಬಳ ಶುರುವಾದ ವರ್ಷ ಒಂದು ಡಜನ್ ಒಳ್ಳೇ ಹಣ್ಣು ತಂದೆ. ಒಂದೂ ಕಲೆ ಇಲ್ಲ. ಹೊಟ್ಟೆ ತುಂಬ ತಿಂದೆ. ಏನೋ ಸಪ್ಪೆ. ಈಗಲೂ ಬುಟ್ಟಿಯಲ್ಲಿ ಕಲೆ ಬಿದ್ದದ್ದನ್ನು ಆರಿಸುತ್ತೇನೆ. ಮಾರುವ ಹೆಂಗಸಿಗೆ ನನ್ನ ಮೇಲೆ ಅನುಮಾನ, ಚೌಕಾಸಿಗೆ ಹೂಡುತ್ತಿದ್ದಾನೆ ಅಂತ.

ಜೂನ್ ಮೊದಲ ವಾರ, ಪ್ರಶ್ನೆ ಕೇಳಿದವಳು ಮತ್ತೆ:

ಹೋಗಿ ಬಂದೆವು. ವರದಿ ಕೊಡುತ್ತೇನೆ ಅಂದಿದ್ದೆ.

ಹಾಳೆಗಾಡಿ ಎರಡನೇ ಸುತ್ತಿಗೇ ಹರಿಯಿತು. ಹಾಳೆಯಲ್ಲಿ ಕೂತಿದ್ದವಳು ನಾನು. ಯಲ್ಲಾಪುರದ ಅಣ್ಣ ತೂಕದ ವಿಷಯ ಹೇಳಿರಲಿಲ್ಲ. ಹಪ್ಪಳದ ಕೋಲು ಕೆಲಸ ಮಾಡಿತು, ಹಿಟ್ಟು ಸೇರಲಿಲ್ಲ. ಆಟ ಸಿಗಲಿಲ್ಲ, ಮಳೆ ಬಂತು. ತದಡಿಯ ದೋಣಿಯಲ್ಲಿ ಆ ದಡಕ್ಕೆ ಹೋದವರು ಇಳಿಯದೆ ಮತ್ತೆ ಈ ದಡಕ್ಕೆ ಬಂದೆವು. ಅವಳ ಹಟ. ಇಶಾಡು ಅವಳಿಗೆ ಇಷ್ಟವಾಯಿತು. ಗಂಡ ಮಾತ್ರ ಬುಟ್ಟಿ ಮುಂದೆ ಕೂತು ಕಲೆ ಬಿದ್ದದ್ದನ್ನೇ ಆರಿಸುವುದನ್ನು ನೋಡಿ, ಇದು ಇಡೀ ಅಂಕೋಲಾದ ರೋಗ ಅಂತ ಗೊತ್ತಾಯಿತು.

ಹೊಳೆಗುಂಡಿ ವಿಷಯ ಹೇಳಬೇಕು. ಕಾರವಾರದವರ ಮಾತು ಕೇಳಿ ಈ ಸಲ ಆಯಿಯನ್ನೂ (ನನ್ನಮ್ಮ) ಕರೆದುಕೊಂಡು ಹೋದೆ. ಬಂಡೆ ಮೇಲೆ ನಿಂತು ಮಗಳಿಗೆ ಶುರು ಮಾಡಿದೆ, ಇಲ್ಲಿಂದ ಹಾರುತ್ತಿದ್ದೆ, ಅಲ್ಲಿಯವರೆಗೆ ಈಜುತ್ತಿದ್ದೆ ಅಂತ. ಆಯಿ ಎಲೆ ಅಡಿಕೆ ಜಗಿಯುತ್ತ ಕೇಳಿದಳು. ಆಮೇಲೆ ಅಂದಳು, "ನೀ ಎಲ್ಲಿ ಈಜಿದ್ದೆ? ಈಜ್ತಿದ್ದವ ನಿನ್ನಣ್ಣ. ನೀ ಅವನ ಬಟ್ಟೆ ಕಾಯ್ಕಂಡು ಇದೇ ಬಂಡೆ ಮೇಲೆ ಕೂತಿರ್ತಿದ್ದೆ. ನೀರು ಅಂದ್ರೆ ಅಳ್ತಿದ್ದೆ."

ಅಣ್ಣನಿಗೆ ಫೋನ್ ಮಾಡಿದೆ. ಹೌದಂತೆ. ಬಟ್ಟೆ ಕಾದದ್ದಕ್ಕೆ ದಿನಾ ಒಂದು ಪೆಪ್ಪರಮಿಂಟ್ ಕೊಡುತ್ತಿದ್ದನಂತೆ.

ಮಗಳಿಗೆ ಇಷ್ಟು ಸಾಕಾಯಿತು. ಚಪ್ಪಲಿ ಬಿಚ್ಚಿ ನನ್ನ ಕೈಗೆ ಕೊಟ್ಟು, "ಅಮ್ಮಾ, ಇದನ್ನ ಕಾಯ್ತಾ ಇರು" ಅಂದು ನೀರಿಗಿಳಿದಳು. ಮೇ ತಿಂಗಳ ಹೊಳೆ, ಮೊಣಕಾಲಿನಷ್ಟೂ ನೀರಿರಲಿಲ್ಲ. ಚಪ್ಪಲಿಯನ್ನು ಆಯಿಯ ಪಕ್ಕ ಇಟ್ಟು ನಾನೂ ಇಳಿದೆ. ತಣ್ಣಗಿತ್ತು.